ಗಾಡಿಗೆ ಸ್ಟಿಕರ್ ಹೊಡ್ಸ್ತೀರಾ? ಫಿಲ್ಮ್ ಯಾವ್ದು ಅಂತ ಬಿಲ್ಲಲ್ಲಿ ಬರ್ಸ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ರ ಒಂದು ಸ್ಕೂಲ್ ವ್ಯಾನ್ ನೋಡ್ದೆ. ಹೊಸ ಸ್ಟಿಕರ್ರು, ಬಣ್ಣ ಇನ್ನೂ ಮಿರಮಿರ ಅಂತಿದೆ, ಆದ್ರೆ ಬಾಗ್ಲು ಹಿಡಿ ಹತ್ರ ಆಗ್ಲೇ ಎದ್ದು ಗಾಳಿಗೆ ಪಟಪಟ ಹೊಡ್ಕೋತಿತ್ತು. ನನ್ನ ಓಮ್ನಿ ನೆನಪಾಯ್ತು, ಅದಕ್ಕೇ ಈ ಪತ್ರ. ಉದ್ದ ಆದ್ರೆ ಕತ್ತರಿಸಿ, ಬಿಲ್ಲಿನ ವಿಷ್ಯ ಒಂದು ಮಾತ್ರ ಬಿಡ್ಬೇಡಿ.

ನಾವು ತೀರ್ಥಹಳ್ಳಿ ಕಡೆಯವ್ರು. ಮನೇಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಹಳೇ ಓಮ್ನೀಲಿ ತುಂಬ್ಕೊಂಡು ಸಂತೆ, ಜಾತ್ರೆ, ಶಿವಮೊಗ್ಗದ ಅಂಗಡಿ ಅಂತ ತಿರುಗ್ತೀವಿ. ಹೋದ್ವರ್ಷ ಮಾರ್ಚಲ್ಲಿ ಗಾಡಿಗೆ ಪೂರ್ತಿ ಮಿಡಿಮಾವಿನ ಚಿತ್ರ ಹಾಕ್ಸೋಣ ಅಂತ ಒಂದು ಅಂಗಡಿಗೆ ಹೋದೆ. ಅಂಗಡಿಯವ್ರು ಎರಡು ತುಂಡು ಕೈಗೆ ಕೊಟ್ಟು, ಮುಟ್ಟಿ ನೋಡಿ ಸಾರ್, ದಪ್ಪ ಇರೋದೇ ಗಟ್ಟಿ, ಇಂಪೋರ್ಟೆಡ್ ಮಾಲು ಅಂದ್ರು. ನಾನೂ ಮುಟ್ಟಿ ನೋಡಿ ದಪ್ಪದ್ದನ್ನೇ ಆರಿಸ್ದೆ, ಕಂಬಳಿ ಆರಿಸೋ ಹಂಗೆ. 11 ಸಾವಿರ ಕೊಟ್ಟೆ. ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೆ ರೆಡಿ, ಬಿಲ್ ಅಂದ್ರೆ ಒಂದು ಚೀಟಿ ಮೇಲೆ 'ಸ್ಟಿಕರ್' ಅಂತ ಬರ್ದು ಕೆಳಗೆ ಮೊತ್ತ, ಅಷ್ಟೇ.

ಆರಿದ್ರಾ ಮಳೆ ಹಿಡಿಯೋವರೆಗೆ ಚೆನ್ನಾಗೇ ಇತ್ತು. ಆಮೇಲೆ ನಮ್ಮ ಕಡೆ ಮಳೆ ನಿಮಗೆ ಗೊತ್ತಲ್ಲ, ಬಟ್ಟೆ ಒಣಗ್ಸೋಕೂ ಒಲೆ ಮೇಲೇ ಹಾಕ್ಬೇಕು, ಆ ಥಂಡೀಲಿ ಸೈಡಿನ ಉದ್ದ ಗೀರು ಇರುತ್ತಲ್ಲ, ಆ ತಗ್ಗಿಂದ ಸ್ಟಿಕರ್ ಮೇಲೆದ್ದು ಒಳಗೆ ನೀರು ಹೋಗಿ ಪಾಚಿ ಕಟ್ತು, ಅಂಚೆಲ್ಲ ಹಪ್ಪಳ ಸುಟ್ಟಂಗೆ ಮುದುಡ್ತು, ಶ್ರಾವಣಕ್ಕೆ ನಮ್ಮ ಮಿಡಿಮಾವು ಅರ್ಧ ಸಿಪ್ಪೆ ಬಿಟ್ಟಿತ್ತು.

ಅಂಗಡಿಯವ್ರು 'ನಿಮ್ಮ ಕಡೆ ಮಳೆ ಜಾಸ್ತಿ ಸಾರ್' ಅಂದ್ಬಿಟ್ರು. ನಾನೂ ನಂಬಿದ್ದೆ ಮಾರಾಯ್ರೆ. ಆದ್ರೆ ನಮ್ಮತ್ತೆ ಮಗ ಬೆಂಗಳೂರು ಜೆಸಿ ರೋಡಲ್ಲಿ ನಾಲ್ಕು ವರ್ಷ ಇದೇ ಕೆಲ್ಸ ಮಾಡಿದವ, ಹಬ್ಬಕ್ಕೆ ಬಂದೋನು ಗಾಡಿ ನೋಡಿದ್ದೇ 'ಭಾವ, ಇದು ಕಾಸ್ಟ್ ಅಲ್ಲ' ಅಂದ. ಕಡಿಮೆ ರೇಟಿಂದು ಅಂತಿದಾನೆ ಅನ್ಕೊಂಡು ಹನ್ನೊಂದು ಸಾವಿರ ಕಣೋ ಅಂದೆ. ಅವ್ನು ನಕ್ಕು, ಆ ಕಾಸ್ಟ್ ಅಲ್ಲ, ಎರಕ ಹೊಯ್ತಾರಲ್ಲ ಆ ಕಾಸ್ಟ್ ಅಂದ. ಆಮೇಲೆ ನಾನು ಎರಡ್ಮೂರು ಅಂಗಡೀಲಿ ಇದೇ ಪದ ಹೇಳಿ ಕೇಳಿದೀನಿ, ಒಬ್ರು ಅಡಿಗೆ ಇಷ್ಟು ಅಂತ ರೇಟ್ ಹೇಳಿದ್ರು, ಇನ್ನೊಬ್ರು 'ಕಾಸ್ಟ್ ಎಲ್ಲ ಯಾಕೆ ಕೇಳ್ತೀರಿ ಈಗಿನ ಕಾಲದಲ್ಲಿ' ಅಂತ ಮುಖ ಗಂಟು ಹಾಕ್ಕೊಂಡ್ರು.

ಅತ್ತೆ ಮಗ ಹೇಳಿದ್ದು ನಮ್ಮ ಮನೆ ಹೆಂಗಸ್ರಿಗೆ ತಕ್ಷಣ ಅರ್ಥ ಆಯ್ತು, ನನಗೆ ಸ್ವಲ್ಪ ಹೊತ್ತು ಹಿಡೀತು. ಈ ಸ್ಟಿಕರ್ ಫಿಲ್ಮು ವಿನೈಲ್, ಅಂದ್ರೆ ಪಿವಿಸಿ ಪ್ಲಾಸ್ಟಿಕ್ಕು, ಅದನ್ನ ತೆಳು ಹಾಳೆ ಮಾಡೋಕೆ ಎರಡು ದಾರಿ. ಒಂದು ಚಪಾತಿ ದಾರಿ: ಮುದ್ದೆ ಮಾಡಿ ಬಿಸಿ ರೋಲರ್ ಮಧ್ಯೆ ಒತ್ತಿ ಒತ್ತಿ ಎಳೆಯೋದು, ಇದು ಕ್ಯಾಲೆಂಡರ್ಡ್. ಇನ್ನೊಂದು ತೊಡದೇವು ದಾರಿ: ತೆಳ್ಳಗಿನ ಹಿಟ್ಟನ್ನ ಬಿಸಿ ಗಡಿಗೆ ಮೇಲೆ ಬಳಿದು ಹಂಗೇ ಒಣಗ್ಸಿ ಎಬ್ಬಿಸೋ ಹಂಗೆ, ದ್ರವ ಹೊಯ್ದು ಓವನ್ನಲ್ಲಿ ಬೇಯಿಸೋದು, ಇದು ಕಾಸ್ಟ್. ಲಟ್ಟಿಸಿದ ಚಪಾತಿ ಮಣೆ ಮೇಲೆ ಬಿಟ್ರೆ ಒಂಚೂರು ವಾಪಸ್ ಮುದುಡುತ್ತಲ್ಲ, ಕ್ಯಾಲೆಂಡರ್ಡೂ ಹಂಗೇ, ಎಳೆದು ಮಾಡಿದ್ದು ಬಿಸಿಲು ಕಂಡಾಗೆಲ್ಲ ಹಿಂದಕ್ಕೆ ಹೋಗೋಕೆ ನೋಡುತ್ತೆ. ತೊಡದೇವನ್ನ ಯಾರೂ ಎಳೆದಿಲ್ಲ, ಅದು ಕೂತಲ್ಲೇ ಕೂರುತ್ತೆ. ದಪ್ಪದ ಕಥೆಯಂತೂ ಉಲ್ಟಾ! ಪ್ರಿಂಟ್ ಹೊಡೆಯೋ ಕಾಸ್ಟ್ ಫಿಲ್ಮ್ ಸುಮಾರು 50 ಮೈಕ್ರಾನ್ ಇರುತ್ತೆ, ಕ್ಯಾಲೆಂಡರ್ಡ್ 70ರಿಂದ 100. ನಾನು ಮುಟ್ಟಿ ಮುಟ್ಟಿ ಆರಿಸಿದ್ದು ಸುಲಭಕ್ಕೆ ಬಗ್ಗದೇ ಇರೋದನ್ನ.

ಕ್ಯಾಲೆಂಡರ್ಡಲ್ಲೂ ಎರಡು ಜಾತಿ. ಮೊನೊಮೆರಿಕ್ ಅಂತ ಒಂದು, ಅದನ್ನ ಮೆತ್ತಗಿಡೋ ವಸ್ತು ಬೇಗ ಹೊರಗೆ ಬಂದು ಫಿಲ್ಮ್ ಬಿರುಸಾಗುತ್ತೆ, ಒಂದರಿಂದ ಮೂರು ವರ್ಷ. ಪಾಲಿಮೆರಿಕ್ ಇನ್ನೊಂದು, ಸುಮಾರು ಐದು ವರ್ಷದ ಲೆಕ್ಕ. ಕಾಸ್ಟಿಗೆ ಕಂಪ್ನಿಗಳು ಏಳು ವರ್ಷ, ಅದಕ್ಕೂ ಮೇಲೆ ಹೇಳ್ತಾರೆ, ಆದ್ರೆ ಆ ವರ್ಷದ ಲೆಕ್ಕವೆಲ್ಲ ಗಾಡಿ ಸೈಡಿಗೆ ಮಾತ್ರ, ಬಾನೆಟ್ಟು ಟಾಪಿಗೆ ಬಿಸಿಲು ನೆತ್ತಿ ಮೇಲೇ ಹೊಡೆಯೋದ್ರಿಂದ ಅಲ್ಲಿ ಬಹಳ ಬೇಗ ಹೋಗುತ್ತೆ.

ಹಂಗಂತ ಎಲ್ರೂ ಕಾಸ್ಟೇ ಹಾಕ್ಸಿ ಅಂತ ನಾನು ಹೇಳಲ್ಲ, ಅದರ ರೇಟ್ ಕೇಳಿದ್ರೆ ಅಡಿಕೆ ಮಾರೋವರೆಗೆ ಕಾಯ್ಬೇಕು. ಜಾತ್ರೆ ಪ್ರಚಾರಕ್ಕೆ ಎರಡು ತಿಂಗ್ಳಿಗೆ ಹಾಕ್ಸೋರಿಗೆ ಮೊನೊಮೆರಿಕ್ ಧಾರಾಳ ಸಾಕು. ಸಪಾಟು ಡಬ್ಬಿ ಇರೋ ಗೂಡ್ಸ್ ಆಟೋಗೆ ಪಾಲಿಮೆರಿಕ್ ನಡೆಯುತ್ತೆ. ಗೀರು, ತಗ್ಗು, ಬಂಪರ್ ತಿರುವು, ರಿವೆಟ್ ಇದ್ರೆ ಮಾತ್ರ ಕಾಸ್ಟೇ ಬೇಕು, ಅಲ್ಲೂ ಕೊನೇಲಿ ಎಳೆದ ಜಾಗಕ್ಕೆಲ್ಲ ಹೀಟ್ ಗನ್ ಹಿಡಿದು ಸುಮಾರು 90 ಡಿಗ್ರಿ ದಾಟಿ ಬಿಸಿ ಮಾಡ್ಬೇಕಂತೆ.

ಪ್ರಿಂಟ್ ಮೇಲೆ ಹಾಕೋ ಲ್ಯಾಮಿನೇಷನ್ನೂ ಅದೇ ಜಾತೀದಿರ್ಬೇಕು, ಕೆಳಗೆ ಕಾಸ್ಟ್ ಹಾಕಿ ಮೇಲೆ ಅಗ್ಗದ್ದು ಹಾಕಿದ್ರೆ ಮೇಲಿಂದು ಮುದುಡಿ ಕೆಳಗಿಂದನ್ನೂ ಎಬ್ಬಿಸುತ್ತೆ. ಸಾಲ್ವೆಂಟ್ ಇಂಕಿನ (ಆವಿಯಾಗೋ ದ್ರಾವಕ ಇರೋ ಇಂಕು) ಪ್ರಿಂಟು ಕನಿಷ್ಠ ಒಂದು ದಿನ ಆರ್ಬೇಕು, ಆಮೇಲೆ ಲ್ಯಾಮಿನೇಷನ್. ನನ್ನದು ಪ್ರಿಂಟಿಂದ ಹಿಡಿದು ಸಂಜೆಯೊಳಗೆ ಮುಗಿದಿತ್ತಲ್ಲ, ಬೇಗ ಕೊಟ್ರು ಅಂತ ನಾನೇ ಹುಡುಗ್ರಿಗೆ ಟೀ ಕುಡಿಸಿದ್ದೆ!

ಒಂದು ಪರೀಕ್ಷೆ ಮನೇಲೇ ಮಾಡ್ಬಹುದು. ಅತ್ತೆ ಮಗ ತಂದ ಕಾಸ್ಟ್ ತುಂಡು, ನನ್ನ ಗಾಡೀದೇ ಉಳಿದಿದ್ದ ತುಂಡು ಎರಡನ್ನೂ ಸ್ಟೀಲ್ ಡಬ್ಬಿ ಮುಚ್ಚಳಕ್ಕೆ ಅಂಟಿಸಿ ಬ್ಲೇಡಲ್ಲಿ ನಡುವೆ ಪ್ಲಸ್ ಗುರ್ತು ಗೀರಿ ಅಂಗಳದ ಬಿಸಿಲಿಗೆ ಇಟ್ವಿ. ವಾರಕ್ಕೆ ನನ್ನದು ಗೀರಿದಲ್ಲಿ ಬಾಯಿ ಬಿಟ್ಟು ಒಳಗಿನ ಸ್ಟೀಲು ಹೊಳೀತಿತ್ತು. ಕಾಸ್ಟಿನ ಗೀರು ಕೂದಲೆಳೆ ಹಂಗೇ ಇತ್ತು.

ಮಳೆಗಾಲದ ಕೆಸರು ತೊಳೆಯೋಕೆ ವಾಟರ್ ಸರ್ವಿಸಿಗೆ ಕೊಟ್ರೆ ಹುಡುಗ್ರಿಗೆ ಗನ್ ಅಂಚಿಗೆ ಹಿಡೀಬೇಡ್ರೋ ಅಂತ ಹೇಳಿ, ಎಂಥ ಫಿಲ್ಮೂ ಅದಕ್ಕೆ ತಡೆಯಲ್ಲ. ಗಾಡಿ ಬಣ್ಣಾನೇ ಬದಲಾಗೋ ಹಂಗೆ ಹೊಡ್ಸಿದ್ರೆ ಆರ್‌ಸೀಲೂ ಬದಲಾಯ್ಸ್ಬೇಕು, ಮೊದ್ಲೇ ಆರ್‌ಟಿಒ ಆಫೀಸಲ್ಲಿ ಕೇಳ್ಕೊಳ್ಳಿ.

ಈಗ ಬಿಲ್ಲಿನ ವಿಷ್ಯ. ಗೊಬ್ಬರ ತಗೊಂಡ್ರೆ ಚೀಲದ ಮೇಲೆ ಏನೇನು ಎಷ್ಟೆಷ್ಟು ಅಂತ ಬರ್ದಿರುತ್ತೆ, ಮೈಲುತುತ್ತದ ಪ್ಯಾಕೆಟ್ ಮೇಲೂ ಬರ್ದಿರುತ್ತೆ. ಸಾವಿರಾರು ರೂಪಾಯಿ ಸ್ಟಿಕರಿಗೆ ಮಾತ್ರ ಎಂತದೂ ಇಲ್ಲ. ಕಂಪ್ನಿ ಹೆಸ್ರು, ಫಿಲ್ಮಿನ ನಂಬರು, ಕಾಸ್ಟೋ ಪಾಲಿಮೆರಿಕ್ಕೋ ಮೊನೊಮೆರಿಕ್ಕೋ, ಲ್ಯಾಮಿನೇಷನ್ ಯಾವ್ದು, ಈ ನಾಲ್ಕನ್ನ ಬಿಲ್ಲಲ್ಲಿ ಬರೆಯೋಕೆ ಒಂದು ನಿಮಿಷ ಸಾಕು, ಪ್ರತಿ ರೋಲ್ ಡಬ್ಬದ ಮೇಲೂ ನಂಬರ್ ಇದ್ದೇ ಇರುತ್ತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರೋದೂ ಅನುಚಿತ ವ್ಯಾಪಾರವೇ. ಒಳ್ಳೆ ಕೆಲ್ಸಗಾರ್ರು ನಮ್ಮ ಜಿಲ್ಲೇಲಿ ಬೇಕಾದಷ್ಟು ಇದಾರೆ, ಹಿಂಗೆ ಬರ್ಕೊಟ್ರೆ ಅವ್ರಿಗೇ ಲಾಭ, ಅಗ್ಗದ್ದು ಅಂಟಿಸಿ ದುಬಾರಿ ರೇಟ್ ತಗೊಳ್ಳೋರ ಜೊತೆ ಅವ್ರು ಯಾಕೆ ಸ್ಪರ್ಧೆ ಮಾಡ್ಬೇಕು? ಅಂಗಡಿಯವ್ರ ಸಂಘಗಳು, ಗ್ರಾಹಕರ ವೇದಿಕೆಯವ್ರು ಇದನ್ನ ಕೈಗೆತ್ತಿಕೊಳ್ಳೋಕೆ ನಿಮ್ಮ ಪತ್ರಿಕೆ ಒಂದು ಮಾತು ಬರೀಬೇಕು ಅಂತ ನನ್ನ ಕೋರಿಕೆ.

ಹಳೇದನ್ನ ಕಿತ್ತಾಗ ಬಿರುಸಾಗಿ ಚೂರು ಚೂರೇ ಬಂತು, ಟಿಂಕರಿಂಗ್ ಮಾಡ್ಸಿ ಬಣ್ಣ ಹೊಡ್ಸಿದ್ದ ಬಾಗ್ಲಲ್ಲಿ ಪೇಂಟೂ ಜೊತೇಲೇ ಬಂತು, ಉಳಿದ ಗೋಂದು ತೆಗೆಯೋಕೆ ನಾನು, ನನ್ನ ಹೆಂಡ್ತಿ ಎರಡು ದಿನ ಉಜ್ಜಿದ್ವಿ. ಸದ್ಯಕ್ಕೆ ಓಮ್ನಿ ಬೋಳು. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ್ಮೇಲೆ ಮತ್ತೆ ಹೊಡ್ಸೋಣ ಅಂತಿದೀನಿ, ಸೈಡಿಗೆ ಕಾಸ್ಟ್, ಟಾಪಿಗೆ ಏನೂ ಬೇಡ.

ಇಂತಿ,
ಉಪ್ಪಿನಕಾಯಿ ಓಮ್ನಿಯವ
ತೀರ್ಥಹಳ್ಳಿ ತಾಲ್ಲೂಕು