ಅಧ್ಯಕ್ಷರೇ, ಈ ಮಳೆಗಾಲ ಒಮ್ಮೆ ಮೀನುಗಾರಿಕೆ ದಕ್ಕೆಗೆ ಬನ್ನಿ

ಕರ್ನಾಟಕ ಮಾಧ್ಯಮ ಅಕಾಡೆಮಿಯ ಅಧ್ಯಕ್ಷರಿಗೆ,

ನಮಸ್ಕಾರ.

2020ರ ನವೆಂಬರ್‌ನಲ್ಲಿ ನಮ್ಮ ಕಡಲಿನ ಅಲೆಗಳು ರಾತ್ರಿ ಹೊತ್ತು ನೀಲಿಯಾಗಿ ಹೊಳೆದದ್ದು ನಿಮಗೆ ನೆನಪಿರಬಹುದು. ಜನ ಮೊಬೈಲು ಹಿಡಿದು ಬೀಚಿಗೆ ಓಡಿದರು. ನಾನೂ ಸುದ್ದಿ ಬರೆದೆ. ವಿಜ್ಞಾನಿಯೊಬ್ಬರಿಗೆ ಫೋನ್ ಮಾಡಿ, ಇದು ನಾಕ್ಟಿಲುಕಾ ಎಂಬ ಸೂಕ್ಷ್ಮಜೀವಿಯ ಬೆಳಕು ಎಂದು ತಿಳಿದುಕೊಂಡು ಕಳಿಸಿಬಿಟ್ಟೆ. ಎರಡು ದಿನ ಬಿಟ್ಟು ಮಲ್ಪೆಯಲ್ಲಿ ನಾಡದೋಣಿಯಲ್ಲಿ, ಅಂದರೆ ಸಣ್ಣ ಸಾಂಪ್ರದಾಯಿಕ ದೋಣಿಯಲ್ಲಿ, ಮೀನು ಹಿಡಿಯುವ ಹಿರಿಯರೊಬ್ಬರು ಸಿಕ್ಕಿದರು. “ಚಂದ ಬರ್ದಿದ್ರಿ ಮಾರಾಯ್ರೆ. ಆದ್ರೆ ನೀರು ಹೊಳೆದ್ರೆ ಬಲೆಯೂ ಹೊಳೀತದೆ, ಮೀನು ಅದನ್ನು ಕಂಡು ತಪ್ಪಿಸಿಕೊಳ್ತದೆ. ಅದನ್ನು ಯಾಕೆ ಬರೀಲಿಲ್ಲ?” ನಾನು ಕೇಳಿರಲೇ ಇಲ್ಲ, ಅದಕ್ಕೆ. ಫೋಟೊದಲ್ಲಿ ಮಾತ್ರ ಅವರ ದೋಣಿ ಇತ್ತು.

ಕಡಲ ವಿಜ್ಞಾನದ ನಮ್ಮ ಸುದ್ದಿಗಳೆಲ್ಲ ಹೆಚ್ಚುಕಡಿಮೆ ಹೀಗೇ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಮೀನು ಎಲ್ಲಿ ಸಿಗಬಹುದು ಎಂದು ಮುನ್ಸೂಚನೆ ಕೊಡುತ್ತದೆ. ‘ಉಪಗ್ರಹ ಮೀನು ತೋರಿಸುತ್ತದೆ’ ಎಂದು ನಾವು ಬರೆಯುತ್ತೇವೆ. ಉಪಗ್ರಹಕ್ಕೆ ಕಾಣುವುದು ನೀರಿನ ಬಿಸಿ ಮತ್ತು ಬಣ್ಣ ಅಷ್ಟೇ. ಮೋಡ ಕವಿದರೆ ಅದೂ ಇಲ್ಲ. ಅಲ್ಲಿ ಹೋದಾಗ ನಿಜಕ್ಕೂ ಮೀನು ಸಿಕ್ಕಿತಾ, ಡೀಸೆಲ್ ಸುಮ್ನೆ ಸುಟ್ಟುಹೋಯಿತಾ ಎಂದು ಹೇಳಬೇಕಾದವನು ಬೋಟು ನಡೆಸುವ ತಂಡೇಲ. ಅವನನ್ನು ಯಾರು ಕೇಳುತ್ತಾರೆ?

ಹಾಗಂತ ಮೀನುಗಾರರು ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಬೂತಾಯಿ ಮೀನು ಯಾಕೆ ಕಡಿಮೆಯಾಯಿತು ಎಂದರೆ ನಾಡದೋಣಿಯವರು ಲೈಟ್ ಫಿಶಿಂಗ್ ಕಡೆ, ಅಂದರೆ ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವುದರ ಕಡೆ, ಬೆರಳು ತೋರಿಸುತ್ತಾರೆ. ಕೇಂದ್ರ ಸರಕಾರ ಅದನ್ನು 2017ರಲ್ಲೇ ನಿಷೇಧಿಸಿದೆ. ದೊಡ್ಡ ಬೋಟಿನವರು ಬೇರೆಯೇ ಕಾರಣ ಕೊಡುತ್ತಾರೆ. ಇಬ್ಬರ ಮಾತನ್ನೂ ವಿಜ್ಞಾನಿಯ ಮುಂದಿಟ್ಟು ಮತ್ತೆ ಕೇಳುವ ಪ್ರಶ್ನೆ ಇದೆಯಲ್ಲ, ಅದೇ ನಮ್ಮ ಕೆಲಸ. ಅದಕ್ಕೆ ಮೊದಲು ಬೂತಾಯಿ, ಬೈಗೆ, ತಾರ್ಲೆ ಮೂರೂ ಒಂದೇ ಮೀನು ಎಂದಾದರೂ ವರದಿಗಾರರಿಗೆ ಗೊತ್ತಿರಬೇಕು, ಅಲ್ವಾ?

ನನ್ನ ಕೋರಿಕೆ ಇಷ್ಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ತಂಡೇಲರು ದಡದಲ್ಲೇ ಇರುತ್ತಾರೆ. ನಾವು ಹೋಗಿ ಸಾಲಾಗಿ ನಿಂತ ಬೋಟುಗಳ ಫೋಟೊ ತೆಗೆದು ಬರುತ್ತೇವೆ! ಅದೇ ಹೊತ್ತಲ್ಲಿ ಅಕಾಡೆಮಿ ಬೋಟು ನಿಲ್ಲುವ ಆ ದಕ್ಕೆಯಲ್ಲೇ ವರದಿಗಾರರಿಗೆ ಮೂರು ದಿನದ ಕಮ್ಮಟ ಮಾಡಲಿ. ವಿಜ್ಞಾನಿಗಳೂ ಬರಲಿ, ಮೀನು ಮಾರುವ ಹೆಂಗಸರೂ ಬರಲಿ. ಮಾತಾಡುವ ಮೀನುಗಾರರಿಗೂ ಸಂಪನ್ಮೂಲ ವ್ಯಕ್ತಿಗಳಿಗೆ ಕೊಡುವಷ್ಟೇ ಗೌರವಧನ ಕೊಡಿ. ಹೋಟೆಲ್ ಹಾಲ್ ಬೇಡ, ಬಲೆ ಸರಿಮಾಡುವ ಶೆಡ್ಡು ಸಾಕು. ಮಳೆ ಮಾತ್ರ ಜಾಸ್ತಿ, ಕೊಡೆ ತನ್ನಿ.

ಇತಿ,
ಉಡುಪಿ ಕಡೆಯ ಒಬ್ಬ ಹವ್ಯಾಸಿ ವರದಿಗಾರ