ಆಮೆಮರಿಗಿಂತ ಮೊದಲು ಅದರ ಪೆಟ್ಟಿಗೆ ಮನೆಗೆ ಬರಲಿ

ಮಾನ್ಯ ಸಂಪಾದಕರೇ,

ಬಿಸುವಿನ ರಜೆಯಲ್ಲಿ ಮಕ್ಕಳು ಆಮೆಮರಿ ಬೇಕೆಂದು ಹಟ ಹಿಡಿಯುವುದು, ಹಿರಿಯರು ಒಂದು ಸಂಜೆ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದುಬಿಡುವುದು ನಮ್ಮ ಜಿಲ್ಲೆಯಲ್ಲಿ ಹೊಸತಲ್ಲ. ಮರಿ ತಂದ ಮೇಲೆ ಬೇಕಾದುದನ್ನೆಲ್ಲ ಹೊಂದಿಸಿಕೊಳ್ಳೋಣ ಎಂಬ ಲೆಕ್ಕಾಚಾರವೇ ಆ ಮರಿಯ ಜೀವಕ್ಕೆ ಮುಳುವಾಗುತ್ತದೆ. ಈ ವಿಚಾರ ತಮ್ಮ ಓದುಗರಿಗೆ ತಲುಪಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಎಡವಟ್ಟು ಹೆಸರಿನಲ್ಲೇ ಇದೆ. ಕನ್ನಡದ ಆಮೆ, ತುಳುವಿನ ಏಮೆ, ಮಲಯಾಳದ ಆಮ, ಈ ಮೂರೂ ಮಾತುಗಳು ನೀರಿನ ಆಮೆಗೂ ಸಲ್ಲುತ್ತವೆ, ನೆಲದ ಆಮೆಗೂ ಸಲ್ಲುತ್ತವೆ. ಗದ್ದೆ, ಕೆರೆ, ಬಾವಿಗಳಲ್ಲಿ ನಾವು ಕಾಣುವುದು ನೀರಿನ ಆಮೆಯನ್ನು. ಹಾಗಾಗಿ ಅಂಗಡಿಯಿಂದ ತಂದ ನೆಲದಾಮೆಯ ಮರಿಯನ್ನೂ ಟಬ್ಬಿನ ನೀರಿಗೆ ಬಿಡುವವರಿದ್ದಾರೆ. ನೆಲದಾಮೆಗೆ ಈಜು ಬಾರದು. ಅದರ ಕಾಲು ಆನೆಯ ಕಾಲಿನಂತೆ ಕಂಬದ ಆಕಾರದ್ದು, ಬೆರಳುಗಳ ನಡುವೆ ಜಾಲಪೊರೆ ಇರುವುದಿಲ್ಲ. ಗಲ್ಲ ಮುಳುಗುವಷ್ಟು ನೀರಿದ್ದು ಹತ್ತಿ ಬರಲು ದಾರಿ ಇಲ್ಲದಿದ್ದರೆ ಮರಿ ಅಲ್ಲೇ ಸಾಯುತ್ತದೆ.

ಎರಡನೆಯದು ಕಾನೂನು. ಬೆನ್ನ ಮೇಲೆ ಹಳದಿ ನಕ್ಷತ್ರದ ಗೆರೆಗಳಿರುವ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವಂತಿಲ್ಲ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅತಿ ಹೆಚ್ಚು ರಕ್ಷಣೆಯ ಮೊದಲನೇ ಅನುಸೂಚಿಯಲ್ಲಿದೆ. ಯಾರೋ ಪ್ರೀತಿಯಿಂದ ಕೊಟ್ಟರು ಎಂಬ ಮಾತು ಅಲ್ಲಿ ನಡೆಯದು. ನಮ್ಮ ತೋಡು, ಗದ್ದೆಗಳ ಆಮೆಗಳನ್ನೂ ಹಿಡಿದು ತರಬಾರದು. ದಾರಿ ದಾಟುತ್ತಿದ್ದರೆ ಅದು ಹೊರಟ ದಿಕ್ಕಿನ ಬದಿಗೆ ಬಿಟ್ಟರೆ ಸಾಕು. 2023ರಲ್ಲಿ ಜಿಲ್ಲಾ ಪಂಚಾಯತ್ ಕಾಸರಗೋಡಿನದೇ ಆದ ಮರ, ಹೂ, ಹಕ್ಕಿಯ ಜೊತೆಗೆ ಜಿಲ್ಲೆಯ ಜೀವಿಯೆಂದು ಆರಿಸಿದ್ದು ಚಂದ್ರಗಿರಿ ಹೊಳೆಯ ದೊಡ್ಡ ಮೃದುಚಿಪ್ಪಿನ ಆಮೆ ಪಾಲಪ್ಪೂವನ್ ಅನ್ನು. ಆಮೆಗಳ ಬಗ್ಗೆ ಇಷ್ಟು ಅಭಿಮಾನ ತೋರಿಸಿದ ಊರು ನಮ್ಮದು.

ಸಾಕಲೆಂದು ಮಾರಾಟಕ್ಕೆ ಬರುವ ನೆಲದಾಮೆ ಹೆಚ್ಚಾಗಿ ಆಫ್ರಿಕಾದ ಸಲ್ಕಾಟಾ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಪ್ರಾಣಿ ಇದು. ಇದನ್ನೂ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಕೇಂದ್ರದ ನಿಯಮದಂತೆ ಪರಿವೇಶ್ 2.0 ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಮರಿ ಕೈಸೇರಿದ 30 ದಿನಗಳೊಳಗೆ ಅರ್ಜಿ ಹೋಗಬೇಕು. ಮುಂದೆ ಅದನ್ನು ಬೇರೆಯವರಿಗೆ ಕೊಟ್ಟರೂ, ಅದು ಸತ್ತರೂ ತಿಳಿಸಬೇಕು. ಮಾರುವವರು ಕಾಗದಪತ್ರದ ಮಾತು ಬಂದಾಗ ಜಾರಿಕೊಂಡರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.

ಇನ್ನು ಪೆಟ್ಟಿಗೆ. ಮರಿ ಬರುವ 2 ವಾರ ಮೊದಲೇ ಇದು ಸಿದ್ಧವಾಗಿ, ದೀಪ ಉರಿದು, ಒಳಗಿನ ಶಾಖ ಮತ್ತು ತೇವ ಹಗಲು ರಾತ್ರಿ ಒಂದೇ ಹದದಲ್ಲಿ ನಿಂತಿರಬೇಕು. ಮೊಟ್ಟೆಯೊಡೆದು ಬಂದ ಮರಿಗೆ 4-5 ಸೆಂಟಿಮೀಟರ್ ಉದ್ದ, 30-40 ಗ್ರಾಂ ತೂಕ. ಅಷ್ಟು ಸಣ್ಣ ದೇಹ ಒಂದೇ ರಾತ್ರಿಯಲ್ಲಿ ತಣಿಯುತ್ತದೆ, ಒಂದೇ ಹಗಲಿನಲ್ಲಿ ಒಣಗುತ್ತದೆ. ಮೊದಲ ವರ್ಷಕ್ಕೆ 4 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪ್ಲೈವುಡ್ ಪೆಟ್ಟಿಗೆ ಸಾಕು. ಒಳಬದಿಗೆ ನೀರು ತಡೆಯುವ ಬಣ್ಣ ಬಳಿದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗಿಡಿ. ಗಾಜಿನ ಮೀನುತೊಟ್ಟಿ ಬೇಡ. ಹೊರಗಿನದು ಕಾಣುತ್ತಿದ್ದರೆ ಮರಿ ದಿನವಿಡೀ ಗಾಜನ್ನು ಕೆರೆಯುತ್ತಾ ಸೊರಗುತ್ತದೆ. ಮೇಲ್ಭಾಗದ ಮುಕ್ಕಾಲು ಪಾಲನ್ನು ಅಕ್ರಿಲಿಕ್ ಹಾಳೆಯಿಂದ ಮುಚ್ಚಿದರೆ ಶಾಖವೂ ತೇವವೂ ಒಳಗೆ ನಿಲ್ಲುತ್ತವೆ. ಅಕ್ರಿಲಿಕ್ ದೀಪದ ಹತ್ತಿರಕ್ಕೆ ಬರಬಾರದು.

ತಳಕ್ಕೆ ತೆಂಗಿನ ನಾರಿನ ಹುಡಿ 4 ಇಂಚು. ಇದು ನಮ್ಮೂರಿನಲ್ಲೇ ಹೇರಳ, ಆದರೆ ಒಂದು ಎಚ್ಚರ ಬೇಕು. ಅಳಿವೆಯ ಕಡೆಯ ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯ ಹುಡಿಯಲ್ಲಿ ಉಪ್ಪು ಉಳಿದಿರುತ್ತದೆ. ಸಿಹಿನೀರಿನಲ್ಲಿ 3 ಸಲ ನೆನೆಸಿ ಹಿಂಡಿಯೇ ಬಳಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು; ಅದು ಸರಿಯಾದ ಹದ. ಮತ್ತೆ ತೇವ ಬೇಕಾದಾಗ ಮೂಲೆಗಳಲ್ಲಿ ನೀರು ಹನಿಸಿ, ತಳ ಮಾತ್ರ ಒದ್ದೆಯಾಗಲಿ. ಮೇಲ್ಪದರ ಸದಾ ಒದ್ದೆಯಿದ್ದರೆ ಹೊಟ್ಟೆಯಡಿಯ ಚಿಪ್ಪು ಕೊಳೆಯುತ್ತದೆ. ಮರಳು ಹೊಟ್ಟೆಗೆ ಹೋಗಿ ಕರುಳು ಕಟ್ಟುತ್ತದೆ. ಬೈಹುಲ್ಲು, ಅಡಿಕೆ ಸಿಪ್ಪೆಗಳಿಗೆ ತೇವ ತಾಗಿದರೆ ಬೂಸರು ಹಿಡಿಯುತ್ತದೆ. ಅಡಗಲು ಮಾಡಿನ ನೆತ್ತಿಗೆ ಹಾಕುವ ಬಾಗಿದ ಹಂಚಿನ ತುಂಡು ಸಾಕು. ಚಪ್ಪಟೆ ಹಂಚು ಊಟದ ತಟ್ಟೆ. ಅದರ ಒರಟು ಮೈಗೆ ಉಜ್ಜಿ ಮರಿಯ ಕೊಕ್ಕೂ ತಾನಾಗಿ ಸವೆಯುತ್ತದೆ.

ಮರುಭೂಮಿಯ ಪ್ರಾಣಿಗೆ ತೇವವೇಕೆ ಎಂದು ಕೇಳುವವರಿದ್ದಾರೆ. ಕಾಡಿನಲ್ಲಿ ಅದು ಹಗಲಿನ ಬಹುಪಾಲನ್ನು ತಂಪಾದ, ತೇವವಿರುವ ಬಿಲದಲ್ಲಿ ಕಳೆಯುತ್ತದೆ. ಒಣ ಪೆಟ್ಟಿಗೆಯಲ್ಲಿ ಬೆಳೆದ ಮರಿಯ ಬೆನ್ನಿನ ಚಿಪ್ಪು ಗೋಪುರಗಳಂತೆ ಉಬ್ಬುತ್ತದೆ. ಹೆಚ್ಚು ಸಸಾರಜನಕ ತಿನ್ನಿಸಿದ್ದರಿಂದಲೇ ಹೀಗಾಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಇದೇ ಜಾತಿಯ ಮರಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವು ಆಹಾರಕ್ಕಿಂತ ಗಾಳಿಯ ತೇವವೇ ಇದರಲ್ಲಿ ಮುಖ್ಯ ಎಂದು ತೋರಿಸಿತು. ಹಾಗೆ ಉಬ್ಬಿದ ಚಿಪ್ಪು ಮುಂದೆ ನೆಟ್ಟಗಾಗುವುದಿಲ್ಲ.

ಇಲ್ಲೇ ನಮ್ಮ ಕರಾವಳಿಯವರು ಮೋಸಹೋಗುವುದು. ಇಲ್ಲಿ ಬೇಕಾದಷ್ಟು ತೇವ ಇದೆಯಲ್ಲ, ಬೇರೆ ಏನೂ ಬೇಡ ಎಂದುಕೊಳ್ಳುತ್ತಾರೆ. ಆಟಿ ತಿಂಗಳ ಮಳೆಗೆ ಮನೆಯೊಳಗೆ ರಾತ್ರಿ ಶಾಖ 24-25 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ, ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಬಿಸಿಯ ಜೊತೆಗಿನ ತೇವ ಮರಿಯನ್ನು ಬೆಳೆಸುತ್ತದೆ. ಚಳಿಯ ಜೊತೆಗಿನ ತೇವ ಶ್ವಾಸಕೋಶಕ್ಕೆ ಸೋಂಕು ತರುತ್ತದೆ. ತೇವ ಶೇಕಡಾ 80ರ ಆಸುಪಾಸು ಇರಬೇಕು, ರಾತ್ರಿಯೂ ಶಾಖ 26ಕ್ಕಿಂತ ಕೆಳಗೆ ಹೋಗಬಾರದು. ಹಗಲು ಪೆಟ್ಟಿಗೆಯ ಒಂದು ತುದಿಯಲ್ಲಿ ದೀಪದಡಿ 35-37 ಡಿಗ್ರಿ, ಇನ್ನೊಂದು ತುದಿಯಲ್ಲಿ 27. ಬಿಸಿಯಾದಾಗ ತಂಪಿನ ಕಡೆಗೂ ಚಳಿಯಾದಾಗ ಬಿಸಿಯ ಕಡೆಗೂ ಹೋಗುವ ಆಯ್ಕೆ ಮರಿಗಿರಲಿ.

ಹಗಲಿಗೆ 60 ಅಥವಾ 75 ವಾಟ್‌ನ ಬಿಸಿ ದೀಪ, ರಾತ್ರಿಗೆ ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಸಿರಾಮಿಕ್ ಹೀಟರ್. ಎರಡಕ್ಕೂ ಪಿಂಗಾಣಿ ಹೋಲ್ಡರ್ ಹಾಕಿ. ಪ್ಲಾಸ್ಟಿಕ್ಕಿನದು ಕರಗಿ ಬೆಂಕಿಗೆ ದಾರಿ. ದೀಪವನ್ನು ಸರಪಳಿಯಿಂದ ತೂಗುಹಾಕಿ, ಕ್ಲಿಪ್ಪನ್ನು ಮಾತ್ರ ನಂಬಬೇಡಿ. ಹೀಟರನ್ನು ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಮೂಲಕವೇ ಜೋಡಿಸಿ, ಅದರ ತಂತಿಯ ತುದಿಯನ್ನು ಮರಿಯ ಬೆನ್ನಿನ ಎತ್ತರದಲ್ಲಿಡಿ. ಗೋಡೆಯ ಮೇಲೆ ಎತ್ತರದಲ್ಲಿಟ್ಟರೆ ಅಲ್ಲಿಯ ಗಾಳಿಯ ಶಾಖ ತೋರಿಸುತ್ತದೆ, ಮರಿ ಇರುವಲ್ಲಿಯದಲ್ಲ. ಕೈಯಿಟ್ಟು ಬೆಚ್ಚಗಿದೆ ಎನ್ನುವ ಅಂದಾಜು ಬೇಡವೇ ಬೇಡ. ಆ 2 ವಾರ ಮುಂಜಾನೆ 5ಕ್ಕೆ ಒಮ್ಮೆ, ಮಧ್ಯಾಹ್ನ 2ಕ್ಕೆ ಒಮ್ಮೆ ಅಳತೆ ನೋಡಿ ಪುಸ್ತಕದಲ್ಲಿ ಬರೆದಿಡಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಇದ್ದದ್ದೇ. ಇನ್ವರ್ಟರಿಗೆ ಜೋಡಿಸಲು ಆಗದಿದ್ದರೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಯಲ್ಲಿಡಿ, ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ. ಆಗ ದೀಪ, ಹೀಟರುಗಳ ಸ್ವಿಚ್ ಆರಿಸಿರಲೇಬೇಕು.

ಮೂಳೆ, ಚಿಪ್ಪು ಗಟ್ಟಿಯಾಗಲು ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಅದನ್ನು ತಡೆಯುವುದರಿಂದ ಒಳಗೆ ಬಿದ್ದ ಬಿಸಿಲು ಲೆಕ್ಕಕ್ಕಿಲ್ಲ. ಬಿಸಿಲಿರುವ ತಿಂಗಳುಗಳಲ್ಲಿ ಬೆಳಗ್ಗೆ 8ರಿಂದ 9ರ ನಡುವೆ 20-30 ನಿಮಿಷ ಅಂಗಳದಲ್ಲಿ ಬಿಡುವುದು ಉತ್ತಮ. ಅರ್ಧ ಭಾಗ ನೆರಳಿರಲಿ. ಬಕೆಟ್ಟಿನಲ್ಲೋ ಗಾಜಿನ ತೊಟ್ಟಿಯಲ್ಲೋ ಬಿಸಿಲಿಗಿಟ್ಟರೆ ನಿಮಿಷಗಳಲ್ಲಿ ಒಳಗೆ ಕುದಿದಂತಾಗುತ್ತದೆ. ಮೇಲೆ ಅರ್ಧ ಇಂಚಿನ ಜಾಲರಿ ಕಡ್ಡಾಯ. ಕಾಗೆ, ಕೆಂಬೂತ, ಕೀರಿ, ಬೆಕ್ಕು ಇವಕ್ಕೆಲ್ಲ ಇದು ಒಂದು ತುತ್ತು. ಇರುವೆಯ ಸಾಲನ್ನೂ ನೋಡಿಕೊಳ್ಳಿ. ಕಣ್ಣಿಗೆ, ಹೊಕ್ಕುಳಿಗೆ ಮುತ್ತಿದರೆ ಮರಿ ಓಡಿ ತಪ್ಪಿಸಿಕೊಳ್ಳಲಾರದು. ಮಳೆಗಾಲಕ್ಕೆ ಯುವಿಬಿ ಟ್ಯೂಬ್‌ಲೈಟ್ ಬೇಕು, ಸುರುಳಿ ಆಕಾರದ ಸಣ್ಣ ಬಲ್ಬು ಬೇಡ. ಬೆಳಕು ಕಂಡರೂ ಕಿರಣ ಕ್ಷೀಣಿಸುತ್ತಾ ಹೋಗುವುದರಿಂದ ವರ್ಷಕ್ಕೊಮ್ಮೆ ಬದಲಿಸಿ.

ದಿನಾ ಬೆಳಗ್ಗೆ ಸ್ನಾನ. ಅಂಚು ನೇರವಾಗಿರುವ ತಟ್ಟೆಯಲ್ಲಿ ಹೊಟ್ಟೆಯ ಚಿಪ್ಪೂ ಬೆನ್ನಿನ ಚಿಪ್ಪೂ ಕೂಡುವ ಗೆರೆಯಷ್ಟೇ ಉಗುರುಬೆಚ್ಚಗಿನ ನೀರು, 15-20 ನಿಮಿಷ. ನೀರು ತಣಿಯಬಾರದು, ಬಳಿಯಲ್ಲಿ ಜನ ಇರಲೇಬೇಕು. ಈ ಹೊತ್ತಿನಲ್ಲೇ ಮರಿ ನೀರು ಕುಡಿಯುತ್ತದೆ, ಮಲಮೂತ್ರ ಮಾಡುತ್ತದೆ. ಬಿಳಿಯ ಮೆತ್ತನೆಯ ಸುಣ್ಣದಂಥದು ಬಂದರೆ ಗಾಬರಿ ಬೇಡ. ಅದು ಮರಳಿನಂತೆ ಗರಗರ ಇದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ.

ಆಹಾರದ ವಿಚಾರದಲ್ಲಿ ನಮ್ಮ ಹಿತ್ತಿಲೇ ಅಂಗಡಿ. ಸಲ್ಕಾಟಾ ಮುಖ್ಯವಾಗಿ ಹುಲ್ಲು ತಿನ್ನುವ ಆಮೆ. ಎಳೆ ಗರಿಕೆ, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಸುಕಳ್ಳಿ, ಸ್ವಲ್ಪ ನುಗ್ಗೆಸೊಪ್ಪು, ಇವನ್ನು ಸಣ್ಣಗೆ ಹೆಚ್ಚಿ ಮರಿಯ ಚಿಪ್ಪಿನಷ್ಟು ಗಾತ್ರದ ರಾಶಿ ದಿನಕ್ಕೊಮ್ಮೆ ಕೊಡಿ. ತಟ್ಟೆಯಲ್ಲಿ ರಾಗಿ ಬಿತ್ತಿ ಎಳೆ ಗರಿ ಕೊಡಬಹುದು. ಎಳೆ ಜೋಳದ ಗರಿಯಲ್ಲಿ ಸಯನೈಡ್ ಅಂಶ ಇರುವುದರಿಂದ ಅದು ಬೇಡ. ನಮ್ಮ ಅಡುಗೆಮನೆಯ ಬಸಳೆ, ಹರಿವೆ, ಪಾಲಕ್ ಮನುಷ್ಯರಿಗೆ ಒಳ್ಳೆಯದೇ, ಆದರೆ ಅವುಗಳ ಆಕ್ಸಲೇಟ್ ಮರಿಗೆ ದಕ್ಕಬೇಕಾದ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಕೆಸುವಿನೆಲೆ ಬಾಯಿ ಸುಡುತ್ತದೆ, ಕಣಗಿಲೆ ವಿಷ. ಅನ್ನ, ಚಪಾತಿ, ಹಾಲು, ಮೀನು ಕೊಡಲೇಬಾರದು. ಹಣ್ಣಿನ ಸಕ್ಕರೆ ಹುಲ್ಲು ಜೀರ್ಣಿಸುವ ಕರುಳಿನಲ್ಲಿ ಹುಳಿಯುತ್ತದೆ.

ಅಡಿಕೆ ತೋಟದ ಅಡಿಯ ಹುಲ್ಲನ್ನು ಮಳೆಗಾಲದಲ್ಲಿ ಮುಟ್ಟಬೇಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತು ಮರದಿಂದ ತೊಟ್ಟಿಕ್ಕಿ ಆ ಹುಲ್ಲಿನ ಮೇಲೆಯೇ ಕೂರುತ್ತದೆ. 40 ಗ್ರಾಂ ಮರಿಗೆ ಅದರ ಸ್ವಲ್ಪವೂ ಹೆಚ್ಚೇ. ಸಿಂಪಡಿಸಿದ ಮದ್ದು ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದನ್ನು ಎಂಡೋಸಲ್ಫಾನ್ ದುರಂತ ಕಂಡ ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಎರಡು ಚಟ್ಟಿಯಲ್ಲಿ ಗರಿಕೆ, ಒಂದು ದಾಸವಾಳದ ಗಿಡ ಮರಿಗೆಂದೇ ಬೇರೆ ಇಟ್ಟುಕೊಳ್ಳಿ.

ಸುಣ್ಣದಂಶಕ್ಕೆ ದುಬಾರಿ ಡಬ್ಬಿ ಬೇಕಿಲ್ಲ. ನಮ್ಮ ಕಡಲತೀರದಲ್ಲಿ ಬಿದ್ದಿರುವ ಬಿಳಿಯ, ಹಗುರವಾದ, ನಾಲಗೆಯಾಕಾರದ ಎಲುಬು, ಆಯುರ್ವೇದದಲ್ಲಿ ಸಮುದ್ರಫೇನ, ಮಲಯಾಳದಲ್ಲಿ ಕಡಲ್‌ನಾಕ್ಕ್, ಇದಕ್ಕೆ ಹೇಳಿ ಮಾಡಿಸಿದ್ದು. ಸಿಹಿನೀರಿನಲ್ಲಿ 3 ದಿನ ನೆನೆಸಿ, ದಿನಾ ನೀರು ಬದಲಿಸಿ ಉಪ್ಪು ತೆಗೆದು, ಬಿಸಿಲಲ್ಲಿ ಒಣಗಿಸಿ. ವಾರಕ್ಕೆ 3 ಸಲ ಚಾಕುವಿನಿಂದ ಕೆರೆದು ಒಂದು ಚಿಟಿಕೆ ಸೊಪ್ಪಿಗೆ ಉದುರಿಸಿ.

ಮರಿ ಆರಿಸುವಾಗ ಹೊಟ್ಟೆಯ ನಡುವಿನ ಹೊಕ್ಕುಳು ಪೂರ್ತಿ ಮುಚ್ಚಿದೆಯೇ, ಕಣ್ಣು ಅಗಲ ತೆರೆದಿದೆಯೇ, ಎತ್ತಿದಾಗ ಕಾಲು ಬಲವಾಗಿ ಬೀಸುತ್ತದೆಯೇ ನೋಡಿ. ಕನಿಷ್ಠ 3 ವಾರ ತುಂಬಿ ತಾನಾಗಿ ತಿನ್ನುತ್ತಿರಬೇಕು. ಜೊತೆಗಿರಲಿ ಎಂದು ಎರಡು ತರಬೇಡಿ. ಇವಕ್ಕೆ ಜೊತೆ ಬೇಕಿಲ್ಲ. ಬಲವಾದದ್ದು ಇನ್ನೊಂದರ ದಾರಿ ಕಟ್ಟಿ, ಊಟದ ಮೇಲೆ ಕುಳಿತು ಅದನ್ನು ಸೊರಗಿಸುತ್ತದೆ. 1 ಗ್ರಾಂ ತೋರಿಸುವ ಅಡುಗೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಹತ್ತನೇ ಒಂದು ಪಾಲು ಇಳಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಕಣ್ಣು ಮುಚ್ಚಿಯೇ ಇದ್ದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಹಸು, ನಾಯಿ ನೋಡುವ ಎಲ್ಲ ಪಶುವೈದ್ಯರಿಗೂ ಆಮೆಯ ಅನುಭವ ಇರುವುದಿಲ್ಲ. ಇಲ್ಲಿಯೋ ಮಂಗಳೂರಿನಲ್ಲೋ ಯಾರಿಗಿದೆ ಎಂದು ಮರಿ ತರುವ ಮೊದಲೇ ವಿಚಾರಿಸಿಡಿ. ಮುಟ್ಟಿದ ಮೇಲೆ ಮಕ್ಕಳು ಸಾಬೂನಿನಿಂದ ಕೈ ತೊಳೆಯಲಿ, ಸ್ನಾನದ ತಟ್ಟೆ ಅಡುಗೆಮನೆಗೆ ಬಾರದಿರಲಿ. ಆಮೆಗಳ ಮಲದಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು.

ಇದೆಲ್ಲ ಮೊದಲ ವರ್ಷದ ಮಾತು. ಅಂಗೈಯಲ್ಲಿ ಕೂರುವ ಈ ಮರಿ ಬೆಳೆದು 40-50 ಕಿಲೋ ಆಗುತ್ತದೆ, 50 ವರ್ಷ ದಾಟಿ ಬದುಕಬಲ್ಲದು, ಬಿಲ ತೋಡಿ ಮುರಕಲ್ಲಿನ ಪಾಗಾರದ ಅಡಿಯಿಂದಲೂ ನುಗ್ಗಬಲ್ಲದು. ಇಂದು ಹಟ ಮಾಡುವ ಮಗು ಓದಿಗೆಂದು ಊರು ಬಿಟ್ಟಾಗ ಆಮೆಗೆ ಇನ್ನೂ ಎಳೆಯ ವಯಸ್ಸು. ಆಗ ನೋಡಿಕೊಳ್ಳುವವರು ಯಾರು ಎಂಬುದು ಈಗಲೇ ಮನೆಯಲ್ಲಿ ತೀರ್ಮಾನವಾಗಲಿ. ಸಾಕಲಾಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ನೋಂದಣಿಯ ಕಾಗದದೊಂದಿಗೆ ಬೇರೆಯವರಿಗೆ ಒಪ್ಪಿಸಬಹುದು. ಆಮೆಯಲ್ಲವೇ, ನೀರಿಗೆ ಸೇರಿದ್ದು ಎಂದು ಪಯಸ್ವಿನಿ ಹೊಳೆಗೋ ದೇವಸ್ಥಾನದ ಕೆರೆಗೋ ಬಿಡಬೇಡಿ. ಅದು ಮುಳುಗಿ ಸಾಯುತ್ತದೆ.

ಇತಿ,
ತಮ್ಮ ಪತ್ರಿಕೆಯ ಓದುಗ
ಬದಿಯಡ್ಕ, ಕಾಸರಗೋಡು ಜಿಲ್ಲೆ