ಆಗಮನ ಕಾಲ: ಕೊನೆಯ ಎಂಟು ದಿನ ಬಿಡುವಾಗಿರಲಿ

ಮಾನ್ಯ ಸಂಪಾದಕರೇ,

ನವೆಂಬರ್ ಕೊನೆಯ ವಾರ ಬಂತೆಂದರೆ ಪತ್ರಿಕೆಗಳಲ್ಲಿ ಹೋಟೆಲುಗಳ ಕೇಕ್ ಮಿಕ್ಸಿಂಗ್ ಚಿತ್ರ, ಬೀದಿಯಲ್ಲಿ ಸಾಲಾಗಿ ತೂಗುವ ನಕ್ಷತ್ರ ದೀಪ, ‘ಕ್ರಿಸ್‌ಮಸ್ ಸಡಗರ ಆರಂಭ’ ಎಂಬ ತಲೆಬರಹ. ವ್ಯಾಪಾರದ ಮಟ್ಟಿಗೆ ಅದು ಸರಿಯೇ. ಆದರೆ ಕಥೋಲಿಕರ ಪಂಚಾಂಗದಲ್ಲಿ ಆಗ ಶುರುವಾಗುವುದು ಆಗಮನ ಕಾಲ, ಅಂದರೆ ಕ್ರಿಸ್ತರ ಬರವಿಗಾಗಿ ಕಾಯುತ್ತ ಸಿದ್ಧವಾಗುವ ನಾಲ್ಕು ಭಾನುವಾರಗಳ ಅವಧಿ. ಕ್ರಿಸ್‌ಮಸ್ ಕಾಲ ಶುರುವಾಗುವುದು ಡಿಸೆಂಬರ್ 24ರ ಸಂಜೆಯ ಪ್ರಾರ್ಥನೆಯಿಂದ. ಈ ವ್ಯತ್ಯಾಸವನ್ನು ಪತ್ರಕರ್ತರಿಗಿಂತ ಹೆಚ್ಚಾಗಿ ನಮ್ಮ ಮನೆಗಳೇ ಮರೆತಿವೆ.

ಲೆಕ್ಕ ಸರಳ. ನವೆಂಬರ್ 30ಕ್ಕೆ ಹತ್ತಿರದ ಭಾನುವಾರವೇ ಆಗಮನ ಕಾಲದ ಮೊದಲ ಭಾನುವಾರ. ಅದು ನವೆಂಬರ್ 27ಕ್ಕಿಂತ ಮೊದಲು ಬರುವುದಿಲ್ಲ, ಡಿಸೆಂಬರ್ 3 ದಾಟುವುದಿಲ್ಲ. ಭಾನುವಾರಗಳು ನಾಲ್ಕೇ, ದಿನಗಳು ಮಾತ್ರ 22ರಿಂದ 28ರವರೆಗೆ ಏರಿಳಿಯುತ್ತವೆ. 2023ರಲ್ಲಿ ನಾಲ್ಕನೆಯ ಭಾನುವಾರ ಡಿಸೆಂಬರ್ 24ರಂದೇ ಬಿದ್ದು, ಗುರುಗಳಿಗೆ ಬೆಳಿಗ್ಗೆ ಆಗಮನ ಕಾಲದ ನೇರಳೆ ವಸ್ತ್ರ, ರಾತ್ರಿ ಕ್ರಿಸ್‌ಮಸ್ಸಿನ ಬಿಳಿ ವಸ್ತ್ರ ಎನ್ನುವಂತಾಯಿತು. 2026ರಲ್ಲಿ ನವೆಂಬರ್ 29ಕ್ಕೇ ಶುರುವಾಗುವುದರಿಂದ 26 ದಿನ ಸಿಗುತ್ತವೆ.

ಈ ದಿನಗಳೆಲ್ಲ ಒಂದೇ ಬಗೆಯವಲ್ಲ. ಡಿಸೆಂಬರ್ 16ರವರೆಗಿನ ಪ್ರಾರ್ಥನೆ, ವಾಚನಗಳು ಮುಖ್ಯವಾಗಿ ಲೋಕದ ಕೊನೆಯಲ್ಲಿ ಆಗುವ ಕ್ರಿಸ್ತರ ಎರಡನೆಯ ಬರವಿನ ಕಡೆಗೆ ನೋಡುತ್ತವೆ. 2026ರ ಮೊದಲ ಭಾನುವಾರದ ಶುಭಸಂದೇಶವನ್ನೇ (ಪೂಜೆಯಲ್ಲಿ ಓದುವ ಯೇಸುವಿನ ಚರಿತ್ರೆಯ ಭಾಗ) ನೋಡಿ: ಮಾರ್ಕನ 13ನೆಯ ಅಧ್ಯಾಯ. ಮನೆಯ ಯಜಮಾನ ಸಂಜೆಗೆ ಬರುತ್ತಾನೋ, ನಡುರಾತ್ರಿಗೋ, ಕೋಳಿ ಕೂಗುವಾಗಲೋ, ಬೆಳಗಿನ ಜಾವಕ್ಕೋ ಗೊತ್ತಿಲ್ಲ, ಎಚ್ಚರವಾಗಿರಿ ಎನ್ನುತ್ತದೆ. ದನದ ಕೊಟ್ಟಿಗೆಯ ಸುಳಿವೂ ಅದರಲ್ಲಿಲ್ಲ. ಯೇಸು ಹುಟ್ಟಿದ ಬೆತ್ಲೆಹೇಮಿನ ಕಡೆಗೆ ದಾರಿ ತಿರುಗುವುದು 17ರಿಂದ. ಅಂದು ಮತ್ತಾಯನ ವಂಶಾವಳಿ, 18ರಂದು ಜೋಸೆಫರ ಕನಸು, 19ರಂದು ಜೆಕರೀಯ ಮೂಕನಾದದ್ದು, 20ಕ್ಕೆ ಗಬ್ರಿಯೇಲ ದೂತನ ವಂದನೆ, 21ಕ್ಕೆ ಮರಿಯ–ಎಲಿಜಬೇತರ ಭೇಟಿ, 22ಕ್ಕೆ ಮರಿಯಮ್ಮನವರ ಸ್ತುತಿಗೀತೆ, 23ಕ್ಕೆ ಯೊವಾನ್ನರ ಜನನ, 24ರ ಬೆಳಿಗ್ಗೆ ಜೆಕರೀಯನ ಸ್ತುತಿಗೀತೆ. ನಡುವೆ ಭಾನುವಾರ ಬಂದರೆ ಆ ದಿನಕ್ಕೆ ಭಾನುವಾರದ್ದೇ ವಾಚನ. ಇಡೀ ಕಾಲದ ತಿರುಳು ಈ ಎಂಟು ದಿನಗಳಲ್ಲಿದೆ.

ಎಡವಟ್ಟಾಗುವುದೂ ಇಲ್ಲೇ. ಕಲ್‌ಕಲ್, ರೋಸ್ ಕುಕ್ಕೀಸ್, ಕರ್ಜಿಕಾಯಿ, ಮಂಗಳೂರು ಕಡೆಯ ಕುಸ್ವಾರ್ ತಿಂಡಿಗಳು, ಮನೆಗೆ ಸುಣ್ಣಬಣ್ಣ, ಬಟ್ಟೆ ಖರೀದಿ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವುದು, ಹಬ್ಬದ ಹಾಡು ಹಾಡುತ್ತ ಮನೆಮನೆಗೆ ಹೋಗುವ ಕ್ಯಾರಲ್ಸ್ ಸುತ್ತಾಟ ಎಲ್ಲವೂ ಈ ಎಂಟು ದಿನಗಳ ಮೇಲೇ ಬೀಳುತ್ತವೆ. ಮೊದಲ ಎರಡು ವಾರ ಸುಮ್ಮನೆ ಕಳೆದುಹೋಗಿರುತ್ತವೆ. ಆದ್ದರಿಂದ ನಮ್ಮ ಸಲಹೆ ಇಷ್ಟೇ: ಕೈಕೆಲಸಗಳನ್ನೆಲ್ಲ 16ರೊಳಗೆ ಮುಗಿಸಿ, 17ರಿಂದ ಸಂಜೆಗಳನ್ನು ಖಾಲಿ ಇಟ್ಟುಕೊಳ್ಳಿ. ಎಣ್ಣೆಯಲ್ಲಿ ಗರಿಗರಿಯಾಗಿ ಕರಿದದ್ದು ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿ ಸೇರಿದರೆ ಎರಡು ವಾರ ಕೆಡುವುದಿಲ್ಲ. ಬಿಸಿಯಿರುವಾಗಲೇ ತುಂಬಿದರೆ ಹಬೆ ಕೂತು ಮೆತ್ತಗಾಗುತ್ತದೆ. ಕರ್ಜಿಕಾಯಿಗೆ ಹಸಿ ತೆಂಗಿನ ತುರಿ ಬದಲು ಕೊಬ್ಬರಿ ಹಾಕಿದರೆ ಮುಗ್ಗುವ ಭಯವಿಲ್ಲ. ಗೋದಲಿಗೆ ರಾಗಿ ಪೈರು ಬೇಕೆನ್ನುವವರು ಒಂದು ರಾತ್ರಿ ನೆನೆಸಿದ ರಾಗಿಯನ್ನು 14ರ ಸುಮಾರಿಗೆ ತಟ್ಟೆಯ ತೆಳುಮಣ್ಣಿಗೆ ಚೆಲ್ಲಲಿ. ಚಿಮುಕಿಸುವಷ್ಟೇ ನೀರು ಸಾಕು. ನಿಂತರೆ ಬೂಷ್ಟು ಹಿಡಿಯುತ್ತದೆ. ತಿಂಗಳ ಮೊದಲಿಗೇ ಚೆಲ್ಲಿದ ಪೈರು ಹಬ್ಬದ ಹೊತ್ತಿಗೆ ಹಳದಿಯಾಗಿ ಒರಗಿಕೊಂಡಿರುತ್ತದೆ.

ಎಲ್ಲಕ್ಕಿಂತ ಮೊದಲು ಮುಗಿಸಬೇಕಾದದ್ದು ಪಾಪನಿವೇದನೆ, ಅಂದರೆ ಗುರುಗಳೆದುರು ಪಾಪಗಳನ್ನು ಹೇಳಿ ಕ್ಷಮೆ ಪಡೆಯುವುದು. ವಾಡಿಕೆಯಂತೆ ಅದು 23, 24ಕ್ಕೆ ಹೋಗುತ್ತದೆ. ಉದ್ದದ ಸಾಲು, ಒಬ್ಬರಿಗೆ ಎರಡು ನಿಮಿಷ, ಹಿಂದೆ ನಿಂತವರ ಕೆಮ್ಮು. ಒಳಗಿರುವ ಗುರುಗಳಿಗೆ ಬುದ್ಧಿಮಾತು ಹೇಳಲು ಪುರಸೊತ್ತಿಲ್ಲ, ಹೊರಗಿರುವವರಿಗೆ ಯೋಚಿಸಲು ಪುರಸೊತ್ತಿಲ್ಲ. ಮೊದಲ ಎರಡು ವಾರದ ಯಾವುದಾದರೂ ಶನಿವಾರ ಹೋಗಿ. ಹಿಂದಿನ ರಾತ್ರಿ ಕಾಲು ಗಂಟೆ ಕೂತು ದೇವರ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಎದುರಿಟ್ಟುಕೊಂಡು ಆತ್ಮಶೋಧನೆ ಮಾಡಿಕೊಳ್ಳಿ. ಹಿಂದಿನ ನಿವೇದನೆ ಆಗಿ ಎಷ್ಟು ದಿನವಾಯಿತೆಂದು ಮೊದಲು ಹೇಳಿ. ಗಂಭೀರ ಪಾಪಗಳನ್ನು ಯಾವುದು, ಎಷ್ಟು ಸಲ ಎಂದು ಹೇಳಲೇಬೇಕು. ನಾಚಿಕೆಯಿಂದ ಬೇಕೆಂದೇ ಒಂದನ್ನು ಮುಚ್ಚಿಟ್ಟರೆ ಉಳಿದ ನಿವೇದನೆಯೂ ಸಲ್ಲುವುದಿಲ್ಲ. ‘ಏನೋ ತಪ್ಪು ಮಾಡಿದ್ದೇನೆ ಸ್ವಾಮಿ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಗಂಡನ ಕುಡಿತ, ಸೊಸೆಯ ಮಾತು, ನೆರೆಯವರ ಜಗಳ ಅವರವರ ನಿವೇದನೆಗೆ ಸೇರಿದ್ದು. ಕೊಟ್ಟ ಪ್ರಾಯಶ್ಚಿತ್ತವನ್ನು ದೇವಾಲಯದಿಂದ ಹೊರಡುವ ಮುಂಚೆಯೇ ಮುಗಿಸುವುದು ಲೇಸು, ಮನೆಗೆ ಹೋದರೆ ಮರೆತೀತು.

ಬೇಗ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ತೆಗೆದುಕೊಂಡದ್ದನ್ನು ಹಿಂದಿರುಗಿಸುವುದು, ಹೋಗಿರುವ ಮಾನವನ್ನು ಸರಿಪಡಿಸುವುದು ಪಶ್ಚಾತ್ತಾಪದ ಭಾಗವೇ. ಆಸ್ತಿ ಪಾಲಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಫೋನಿಗೆ ಒಂದಾಗುವುದಿಲ್ಲ, ಅದಕ್ಕೆ ಎರಡು ಮೂರು ವಾರವಾದರೂ ಬೇಕು. 24ರ ರಾತ್ರಿ ನಿವೇದನೆ ಮಾಡಿ 25ಕ್ಕೆ ಪರಮಪ್ರಸಾದ ಸ್ವೀಕರಿಸುವವರಿಗೆ ಆ ಕೆಲಸಕ್ಕೆ ಬಿಡುವೆಲ್ಲಿ?

ಇನ್ನು ಉಪವಾಸ. ರೋಮಿನ ಪೂಜಾಕ್ರಮ ಅನುಸರಿಸುವ ಲತೀನ್ ವಿಧಿಯವರಿಗೆ ಆಗಮನ ಕಾಲದಲ್ಲಿ ಕಡ್ಡಾಯ ಉಪವಾಸವಿಲ್ಲ. ಶುಕ್ರವಾರಗಳು ಮಾತ್ರ ವರ್ಷವಿಡೀ ಇರುವಂತೆ ಇಲ್ಲೂ ಪ್ರಾಯಶ್ಚಿತ್ತದ ದಿನಗಳೇ. ಕರ್ನಾಟಕದಲ್ಲಿರುವ, ಕೇರಳ ಮೂಲದ ಸೀರೋ ಮಲಬಾರ್ ವಿಧಿಯ ಕಥೋಲಿಕರು ಡಿಸೆಂಬರ್ 1ರಿಂದ 25 ದಿನದ ನೋಂಬು, ಅಂದರೆ ವ್ರತ ಹಿಡಿಯುತ್ತಾರೆ. ಲತೀನರು ಇಷ್ಟವಿದ್ದರೆ ಹಾಗೆ ಮಾಂಸ ಬಿಡಬಹುದು, ಆದರೆ ಇದನ್ನು ಪುಟ್ಟ ತಪಸ್ಸುಕಾಲ (ಈಸ್ಟರಿಗೆ ಮುಂಚಿನ ಉಪವಾಸದ ಕಾಲ) ಮಾಡಿಕೊಳ್ಳುವುದು ಬೇಡ. ನೇರಳೆ ವಸ್ತ್ರ ಎರಡಕ್ಕೂ ಇದೆ, ಭಾನುವಾರದ ‘ಮಹೋನ್ನತದಲ್ಲಿ ದೇವರಿಗೆ ಮಹಿಮೆ’ ಗೀತೆ ಎರಡರಲ್ಲೂ ಇಲ್ಲ. ಆದರೂ ತಪಸ್ಸುಕಾಲದಲ್ಲಿ ನಿಲ್ಲುವ ಅಲ್ಲೆಲೂಯ ಇಲ್ಲಿ ನಿಲ್ಲುವುದಿಲ್ಲ. ಇದು ಸಂತಸದ ಕಾಯುವಿಕೆ. ಉಪವಾಸದಿಂದ ಉಳಿದ ಹಣವನ್ನು ಯಾರಿಗಾದರೂ ಕೊಡುವುದಾದರೆ 15ರ ಒಳಗೆ ಕೊಡಿ. ಹಬ್ಬದ ದಿನ ಕೈಗೆ ಬಂದ ಕಾಸಿನಿಂದ ಆ ಮನೆಯ ಮಕ್ಕಳಿಗೆ ಹಬ್ಬದ ಬಟ್ಟೆ ಬರುವುದಿಲ್ಲ.

ಭಾನುವಾರಕ್ಕೊಂದರಂತೆ ಹೆಚ್ಚಿಸುತ್ತ ಪ್ರತಿ ಸಂಜೆ ಹಚ್ಚುವ ನಾಲ್ಕು ಮೇಣದಬತ್ತಿಯ ಹಸಿರು ಚಕ್ರ ಈಗ ಬಹಳ ಮನೆಗಳಿಗೆ ಬಂದಿದೆ. ಇದು ಹಳೆಯ ಕಥೋಲಿಕ ಆಚರಣೆಯೇನಲ್ಲ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಲೂಥರನ್ ಪಾದ್ರಿ ಯೊಹಾನ್ ವಿಖರ್ನ್, ಹಬ್ಬಕ್ಕೆ ಇನ್ನೆಷ್ಟು ದಿನವೆಂದು ಕೇಳುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರದ ಮೇಲೆ ಬತ್ತಿ ಹಚ್ಚಿದ್ದು ಮೊದಲು. ನಮ್ಮವರು ಎತ್ತಿಕೊಂಡದ್ದು 20ನೆಯ ಶತಮಾನದಲ್ಲಿ. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಬಣ್ಣದ್ದನ್ನು ಹಚ್ಚುವುದು ಮೂರನೆಯ ಭಾನುವಾರ, ಅಂದರೆ 2026ರಲ್ಲಿ ಡಿಸೆಂಬರ್ 13. ಮೊದಲ ಬತ್ತಿ 26 ಸಂಜೆ ಉರಿಯಬೇಕು, ಕೊನೆಯದು ಐದೇ ಸಂಜೆ. ದಿನಕ್ಕೆ ಕಾಲು ಗಂಟೆ ಎಂದರೂ ಮೊದಲನೆಯದಕ್ಕೆ ಆರೂವರೆ ಗಂಟೆಯ ಆಯಸ್ಸು ಬೇಕು. ಅಂಗಡಿಯ ಸಣ್ಣ ಬತ್ತಿ ತಂದವರ ಚಕ್ರ ಎರಡನೆಯ ವಾರಕ್ಕೇ ಬೋಳಾಗುವುದು ಇದರಿಂದಲೇ. ದಪ್ಪನೆಯದನ್ನು ತನ್ನಿ. ಸರ್ವೆ ಸೊಪ್ಪು ಬೇಗ ಒಣಗಿ ಕಿಡಿಗೆ ಹತ್ತಿಕೊಳ್ಳುತ್ತದೆ. ಪ್ರತಿ ಶನಿವಾರ ಬದಲಿಸಿ, ಬತ್ತಿಯ ಬುಡಕ್ಕೆ ಲೋಹದ ಬಟ್ಟಲಿಡಿ.

ದೀಪ ಹಚ್ಚಿದ ಮೇಲೆ ಮಾಡುವುದೇನು? ಆ ದಿನದ ಶುಭಸಂದೇಶವನ್ನು ಒಬ್ಬರು ಗಟ್ಟಿಯಾಗಿ ಎರಡು ಸಲ ಓದಲಿ. ಮೂರು ನಿಮಿಷ ಯಾರೂ ಮಾತಾಡುವುದು ಬೇಡ. ನಂತರ ಜಪಮಾಲೆಯ ಹತ್ತು ಮಣಿ, ಮರಿಯಮ್ಮನವರ ಸ್ತುತಿಗೀತೆ, ಅಷ್ಟೇ. 17ರಿಂದ 23ರವರೆಗೆ ಆ ಗೀತೆಗೆ ಮೊದಲು ಒಂದೊಂದು ಸಂಬೋಧನೆ ಸೇರಿಸಿಕೊಳ್ಳಿ: ಜ್ಞಾನವೇ, ಇಸ್ರಯೇಲಿನ ಪ್ರಭುವೇ, ಜೆಸ್ಸೆಯ ಬೇರೇ, ದಾವೀದನ ಬೀಗದಕೈಯೇ, ಉದಯಸೂರ್ಯನೇ, ಜನಾಂಗಗಳ ಅರಸನೇ, ಇಮ್ಮಾನುವೇಲನೇ, ಬನ್ನಿ. ಧರ್ಮಸಭೆ ಶತಮಾನಗಳಿಂದ ಸಂಜೆಯ ಪ್ರಾರ್ಥನೆಯಲ್ಲಿ ಹಾಡುತ್ತ ಬಂದ ಏಳು ಕರೆಗಳಿವು. ಮೊದಲ ದಿನವೇ ಮುಕ್ಕಾಲು ಗಂಟೆ ಕೂತ ಮನೆಗಳಲ್ಲಿ ನಾಲ್ಕನೆಯ ದಿನ ಯಾರೂ ಕೂರುವುದಿಲ್ಲ. ಊಟಕ್ಕೆ ಮುಂಚೆ ಕೂರಿ. ಊಟವಾದ ಮೇಲೆ ಮಕ್ಕಳಿಗೆ ನಿದ್ದೆ, ದೊಡ್ಡವರಿಗೆ ಟಿವಿ. 17ರ ವಂಶಾವಳಿಯನ್ನು ಬೇಸರವೆಂದು ಹಾರಿಸಬೇಡಿ. ಆ ಹೆಸರುಗಳ ಸಾಲಿನಲ್ಲಿ ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ ಇದ್ದಾರೆ. ಅವರ ಕಥೆಗಳನ್ನು ಮಕ್ಕಳಿಗೆ ಹೇಳುವುದು ಅಷ್ಟು ಸುಲಭವಲ್ಲ ನಿಜ, ಆದರೂ ಯೇಸುಸ್ವಾಮಿ ಎಂಥ ಮನೆತನದಲ್ಲಿ ಹುಟ್ಟಲು ಒಪ್ಪಿದರೆಂಬುದು ತಿಳಿಯುವುದು ಅಲ್ಲೇ.

ಡಿಸೆಂಬರ್ 8ರ ಅಮಲೋದ್ಭವಿ ಮಾತೆಯ ಮಹೋತ್ಸವದ ಬಗ್ಗೆಯೂ ಒಂದು ಮಾತು. ಅಂದು ಸ್ಮರಿಸುವುದು ಯೇಸು ಗರ್ಭದಲ್ಲಿ ನೆಲೆಸಿದ್ದನ್ನಲ್ಲ, ಮರಿಯಮ್ಮನವರೇ ತಮ್ಮ ತಾಯಿಯ ಗರ್ಭದಲ್ಲಿ ಪಾಪರಹಿತರಾಗಿ ನೆಲೆಸಿದ್ದನ್ನು. ಅಲ್ಲಿಂದ ಒಂಬತ್ತು ತಿಂಗಳಿಗೆ ಸೆಪ್ಟೆಂಬರ್ 8, ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾದಲ್ಲಿ ಜನಸಾಗರ ಸೇರುವ ಮರಿಯಮ್ಮನವರ ಹುಟ್ಟುಹಬ್ಬ. ಪತ್ರಿಕೆಗಳಲ್ಲಿ ಇದು ಅದಲುಬದಲಾಗುವುದುಂಟು.

ಕ್ಯಾರಲ್ಸ್ ತಂಡಗಳಿಗೂ ಒಂದು ಕೋರಿಕೆ. ಮನೆಮನೆ ಸುತ್ತುವುದನ್ನು ಬಿಡಿ ಎನ್ನುತ್ತಿಲ್ಲ. ಪ್ರತಿ ಮನೆಯಲ್ಲೂ ಹಾಡಿಗೆ ಮೊದಲು ಆ ದಿನದ ಶುಭಸಂದೇಶದ ಐದಾರು ಸಾಲು ಓದಿ, ರಾತ್ರಿ ಒಂಬತ್ತಕ್ಕೆ ಮುಗಿಸಿ. ಹನ್ನೊಂದರವರೆಗೆ ಡೋಲು ಬಾರಿಸಿದ ಹುಡುಗರು ಮರುದಿನ ಬೆಳಗಿನ ಬಲಿಪೂಜೆಗೆ ಏಳುವುದಿಲ್ಲ.

ಸಂಪಾದಕರಲ್ಲಿ ಕೇಳುವುದು ಎರಡೇ. ಗೋದಲಿಯ ಚಿತ್ರಕ್ಕೆಂದು ಡಿಸೆಂಬರ್ ಮಧ್ಯದಲ್ಲೇ ಬಾಲಯೇಸುವನ್ನು ಹುಲ್ಲಿನ ಮೇಲೆ ಮಲಗಿಸಿ ಎಂದು ದೇವಾಲಯಗಳನ್ನು ಒತ್ತಾಯಿಸಬೇಡಿ. ಆ ಪ್ರತಿಮೆ ಅಲ್ಲಿಗೆ ಬರುವುದು 24ರ ರಾತ್ರಿ, ಬಾಲಯೇಸುವನ್ನು ಕಾಣಲು ಬಂದ ಜ್ಞಾನಿಗಳ ಪ್ರತಿಮೆಗಳು ಬರುವುದು ಜನವರಿಯಲ್ಲಿ. ಮತ್ತೊಂದು, ‘ಕ್ರಿಸ್‌ಮಸ್‌ಗೆ ತೆರೆ’ ಎಂದು 26ಕ್ಕೇ ಬರೆಯಬೇಡಿ. ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೆ, ಅಂದರೆ 2027ರ ಜನವರಿ 10ರವರೆಗೆ ಕ್ರಿಸ್‌ಮಸ್ ಕಾಲವೇ. ಆ ಎರಡು ವಾರ ಕೇಕು ತಿನ್ನಲಿಕ್ಕೂ ಹಾಡು ಹಾಡಲಿಕ್ಕೂ ಬೇಕಾದಷ್ಟು ಪುರಸೊತ್ತಿದೆ, ನಕ್ಷತ್ರ ದೀಪವನ್ನೂ ಅಲ್ಲಿಯವರೆಗೆ ಇಳಿಸಬೇಕಾಗಿಲ್ಲ.

– ಇಬ್ಬರು ಉಪದೇಶಿಗಳು, ಮೈಸೂರು